ಹಾಲೆ ತೊಗಟೆ, ಗೌರಿ ಗಡ್ಡೆ ಮತ್ತು ನನ್ನ ಎದೆ

ಆಟ ಆಡಿಸುವ ಟೀಚರಿಗೆ ಎದೆಯ ಕಾಯಿಲೆ ಬಂದರೆ ಊರಿನವರು ಮೊದಲು ನಂಬುವುದಿಲ್ಲ, ಆಮೇಲೆ ನಗುತ್ತಾರೆ, ಕಡೆಗೆ ಹೆದರಿ ಹಣ್ಣು ಹಿಡಿದುಕೊಂಡು ಬರುತ್ತಾರೆ. ನನ್ನ ವಿಷಯದಲ್ಲೂ ಎಲ್ಲವೂ ಇದೇ ಕ್ರಮದಲ್ಲಿ ನಡೆಯಿತು. ನಾನು ಬ್ರಹ್ಮಾವರದಿಂದ ಸ್ವಲ್ಪ ಒಳಗಿರುವ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ, ಮಕ್ಕಳ ಬಾಯಲ್ಲಿ ಪಿ.ಟಿ. ಟೀಚರ್. ಹೆಸರು ರೇವತಿ. ಹುಟ್ಟಿದ್ದು ಕೋಡಿಯ ಮೀನುಗಾರರ ಮನೆಯಲ್ಲಿ, ಮದುವೆಯಾಗಿ ಬಂದದ್ದು ತೆಕ್ಕಟ್ಟೆಗೆ. ಮರಳಿನಲ್ಲಿ ಓಡಿ ಓಡಿಯೇ ತಾಲೂಕು, ಜಿಲ್ಲೆ ದಾಟಿ ರಾಜ್ಯಮಟ್ಟಕ್ಕೆ ಹೋದವಳು. ನೌಕರಿ ಸಿಕ್ಕಿದ್ದೂ ಆ ಕಾಲುಗಳಿಂದಲೇ. ಕೂತು ಮಾಡುವ ಕೆಲಸ ನನಗೆ ಮೊದಲಿನಿಂದಲೂ ಆಗುವುದಿಲ್ಲ.

ಈಗ ಎಲ್ಲ ಮುಗಿದಿದೆ, ಗೆದ್ದು ಹೊರಗೆ ಬಂದಿದ್ದೇನೆ. ಆದರೂ ದೊಡ್ಡ ಆಸ್ಪತ್ರೆಯಲ್ಲಿ ಹೃದಯದ ಸ್ಕ್ಯಾನ್ ಮಾಡುವ ಎಕೋ ಕೋಣೆಯ ಹೊರಗಿನ ಬೆಂಚಿನಲ್ಲಿ ಈ ಹೊತ್ತಿಗೂ ಯಾರಾದರೊಬ್ಬರು ಕೂತಿರುತ್ತಾರೆ. ಅವರ ಪಕ್ಕ ಸ್ವಲ್ಪ ಜಾಗ ಮಾಡಿಸಿಕೊಂಡು ಕೂತು ಮಾತಾಡಿದ ಹಾಗೆ ಇದನ್ನು ಬರೆಯುತ್ತಿದ್ದೇನೆ.

ಹೆದ್ದಾರಿ ಅಗಲ ಮಾಡುವುದಕ್ಕೆಂದು ರಸ್ತೆ ಬದಿಯ ಮರಗಳಿಗೆ ನಂಬರು ಹಾಕುತ್ತಿದ್ದ ಕಾಲ. ಒಂದು ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ಮಕ್ಕಳನ್ನು ಸಾಲು ಮಾಡಿಸಲು ಸೀಟಿ ಬಾಯಿಗಿಟ್ಟು ಉಸಿರೆಳೆದೆ. ಎಡ ಎದೆಯಲ್ಲಿ ಚಳಕು ಹೊಡೆಯಿತು. ಉಸಿರು ಅರ್ಧಕ್ಕೆ ನಿಂತಿತು, ಸೀಟಿ ಪುಸ್ಸೆಂದಿತು, ಎಂಟನೇ ತರಗತಿಯ ಸಾಲು ಕಿಸಕ್ಕೆಂದಿತು. ಮೊದಲು ನಕ್ಕವರು ಅವರೇ. ನಾನೂ ನಕ್ಕೆ. ಸ್ನಾಯು ಹಿಡಿದಿರಬೇಕು ಅಂದುಕೊಂಡೆ.

ಆ ವಾರ ಮಲಗಲು ಆಗಲಿಲ್ಲ. ಬೆನ್ನು ನೆಲಕ್ಕೆ ಕೊಟ್ಟ ಕೂಡಲೇ ನೋವು, ಎದ್ದು ಕೂತು ಮುಂದಕ್ಕೆ ಬಾಗಿದರೆ ಸುಖ. ಮಡಿಲಲ್ಲಿ ಎರಡು ದಿಂಬು ಇಟ್ಟುಕೊಂಡು, ಅದರ ಮೇಲೆ ಬೋರಲಾಗಿ ತೂಕಡಿಸುತ್ತಿದ್ದೆ. ಹತ್ತಿರದ ಡಾಕ್ಟರು ಗ್ಯಾಸ್ಟ್ರಿಕ್ ಅಂದರು. ಅತ್ತೆ ಓಮದ ನೀರು ಕುದಿಸಿದರು. ನನ್ನ ಗಂಡ ಶೇಖರರಿಗೆ ತೆಕ್ಕಟ್ಟೆಯಲ್ಲಿ ಪಂಪಿನ ಮೋಟಾರು ರಿಪೇರಿ ಮಾಡುವ ಅಂಗಡಿ. ಲೋಕದ ಯಾವ ತೊಂದರೆಯಾದರೂ ಒಂದೋ ಬೇರಿಂಗು ಇಲ್ಲವೇ ವೈಂಡಿಂಗು ಎಂಬುದು ಅವರ ಸಿದ್ಧಾಂತ. ನನ್ನದನ್ನು ಬೇರಿಂಗಿಗೆ ಸೇರಿಸಿದರು. ಮೂವರ ಮದ್ದೂ ತಾಗಲಿಲ್ಲ. ಕೊನೆಗೆ ಕುಂದಾಪುರದಲ್ಲಿ ಎಕ್ಸ್‌ರೇ ತೆಗೆದ ಡಾಕ್ಟರು ಆ ಕಪ್ಪು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಹೃದಯ ದೊಡ್ಡದಾಗಿ ಕಾಣುತ್ತಿದೆ, ಇವತ್ತೇ ದೊಡ್ಡ ಆಸ್ಪತ್ರೆಗೆ ಹೋಗಿ ಅಂದರು.

ಎಕೋ ಕೋಣೆಯ ಹೊರಗಿನ ಬೆಂಚು ನನಗೆ ಪರಿಚಯವಾದದ್ದು ಹಾಗೆ. ಕಬ್ಬಿಣದ ಬೆಂಚು, ಫ್ಯಾನಿನ ಗಾಳಿ ಬರುವ ತುದಿ ಒಂದೇ. ಎಲ್ಲರ ಕಣ್ಣೂ ಆ ತುದಿಯ ಮೇಲೆ. ಪಕ್ಕದಲ್ಲಿ ಕೂತ ಮುದುಕಿ ನನ್ನನ್ನು ನೋಡಿ ಯಾರನ್ನು ಕರೆದುಕೊಂಡು ಬಂದದ್ದು ಅಂತ ಕೇಳಿದಳು. ಯಾರನ್ನೂ ಅಲ್ಲ, ಎಕೋ ನನಗೇ ಅಂದೆ. ಆಕೆ ಎದ್ದು ಫ್ಯಾನಿನ ಗಾಳಿಯ ಜಾಗವನ್ನು ನನಗೆ ಬಿಟ್ಟುಕೊಟ್ಟಳು. ನನಗೆ ಅಳು ಬಂದದ್ದು ಆಗ. ಅಲ್ಲಿಯವರೆಗೆ ನಾನು ರೋಗಿ ಅಂತ ನನಗೇ ಖಾತ್ರಿ ಇರಲಿಲ್ಲ.

ಹೃದಯದ ಸುತ್ತ ತೆಳ್ಳನೆಯ ಒಂದು ಪೊರೆ ಇದೆಯಂತೆ. ಅದು ಉರಿದು ಬಾತು, ನಡುವೆ ನೀರು ತುಂಬಿಕೊಂಡಿತ್ತು. ನೀರು ಅಪಾಯದಷ್ಟು ಇಲ್ಲ, ಆದರೆ ಕಾರಣ ಹುಡುಕಬೇಕು, ಮೊದಲು ನೋಡಬೇಕಾದದ್ದು ಟಿ.ಬಿ. ಅಂದರು. ಮನೆಗೆ ಬಂದ ಮೇಲೆ ನನ್ನ ಲೋಟ ಬೇರೆಯಾಯಿತು. ಅತ್ತೆ ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ನಾನು ಕುಡಿದ ಲೋಟವನ್ನು ಹಿಂದಿನ ಬಾಗಿಲಿನಲ್ಲಿ ಬಿಸಿನೀರು ಸುರಿದು ತೊಳೆಯುವುದನ್ನು ನಾನೇ ಕಂಡೆ. ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಟಿ.ಬಿ. ಇಲ್ಲ ಅಂತ ವರದಿ ಬಂದ ಸಂಜೆ ಅವರು ಅದೇ ಲೋಟದಲ್ಲಿ ಕಾಫಿ ಮಾಡಿ, ಅರ್ಧ ತಾವು ಕುಡಿದು, ಉಳಿದರ್ಧ ನನ್ನ ಮುಂದೆ ಇಟ್ಟರು. ಎಂಜಲು ಅಂದರೆ ಮೈಲು ದೂರ ಓಡುವ ಹೆಂಗಸು ಅವರು. ನಾನು ಒಂದು ತೊಟ್ಟೂ ಬಿಡದೆ ಕುಡಿದೆ.

ಕಾರಣ ಸಿಗಲಿಲ್ಲ. ಮೈಯ ರಕ್ಷಣೆಗೆ ಇರುವ ಬಿಳಿ ರಕ್ತಕಣಗಳೇ ದಾರಿ ತಪ್ಪಿ ಪೊರೆಯ ಮೇಲೆ ಮುಗಿಬಿದ್ದಿವೆ ಅಂದರು ಡಾಕ್ಟರು. ಬರೆದುಕೊಟ್ಟದ್ದು ಸ್ಟೀರಾಯ್ಡ್ ಗುಳಿಗೆ. ಮರುದಿನವೇ ನೋವು ಮಾಯ. ಅವತ್ತು ಬೆನ್ನ ಮೇಲೆ ಮಲಗಿ ಸೂರಿನ ಹಂಚು ನೋಡುತ್ತಾ, ಇಷ್ಟು ಸುಖ ಯಾವ ರಾಜನಿಗೂ ಇರಲಿಕ್ಕಿಲ್ಲ ಅಂದುಕೊಂಡೆ. ಆದರೆ ಆ ಮದ್ದಿಗೆ ಒಂದು ಹಟ ಇತ್ತು. ಪ್ರಮಾಣ ಸ್ವಲ್ಪ ಕಮ್ಮಿ ಮಾಡಿದರೆ ಸಾಕು, ನೋವು ಬಾಗಿಲಲ್ಲೇ ಕಾಯುತ್ತಿದ್ದ ಹಾಗೆ ಒಳಗೆ ಬರುತ್ತಿತ್ತು. ಪುನಃ ಏರಿಸುವುದು, ಪುನಃ ಇಳಿಸುವುದು, ಪುನಃ ನೋವು. ಹೀಗೇ ಚಳಿಗಾಲ ಹೋಯಿತು, ಬೇಸಿಗೆ ಹೋಯಿತು.

ನನ್ನ ಮುಖ ಮಾತ್ರ ಹುಣ್ಣಿಮೆಯ ಕಡೆಗೆ ಹೊರಟಿತ್ತು. ಕೆನ್ನೆ ಉಬ್ಬಿತು, ಗಲ್ಲ ಎರಡಾಯಿತು. ಕಷ್ಟ ಇದ್ದದ್ದು ಇಲ್ಲಿ: ನಮ್ಮೂರಲ್ಲಿ ದಪ್ಪ ಆಗುವುದೆಂದರೆ ಆರೋಗ್ಯ. ಕುಂಭಾಶಿಯ ದೇವಸ್ಥಾನದಲ್ಲಿ ಸಿಕ್ಕಿದ ನೆಂಟರೆಲ್ಲ ಈಗ ನೀನು ಕಾಣಲು ಲಾಯಕ್ಕಾದೆ ಮಾರಾಯ್ತಿ, ಮೊದಲು ಒಣಗಿದ ಮೀನಿನ ಹಾಗಿದ್ದೆ ಅಂತ ಹೊಗಳಿದರು. ಒಬ್ಬಳಂತೂ ಯಾವ ಟಾನಿಕ್ಕು ಅಂತ ಹೆಸರು ಕೇಳಿದಳು, ಮಗಳಿಗೆ ಕೊಡಲಿಕ್ಕಂತೆ. ಹೇಳಿಬಿಡುತ್ತಿದ್ದೆ, ಶೇಖರರು ಕೈ ಹಿಸುಕಿದ್ದರಿಂದ ಬಚಾವಾದಳು. ಕೋಡಿಯ ಅಮ್ಮ ಒಬ್ಬಳೇ ಮುಖ ನೋಡಿ ಹೊಗಳದೆ ಒಳಗೆ ಹೋದವಳು. ಮೀನು ಹೆಚ್ಚುವ ಸದ್ದು ನಿಂತು ನಿಂತು ಕೇಳಿಸುತ್ತಿತ್ತು.

ಶಾಲೆಯಲ್ಲಿ ಹೆಡ್ಮಾಸ್ಟರು ಒಳ್ಳೆಯವರು. ನನ್ನನ್ನು ಲೈಬ್ರರಿಯಲ್ಲಿ ಕೂರಿಸಿದರು. ನನ್ನ ಪಿ.ಟಿ. ಪೀರಿಯಡುಗಳನ್ನೆಲ್ಲ ಗಣಿತದ ಮೇಷ್ಟ್ರಿಗೆ ಹಂಚಿದರು, ಅವರು ಅದರಲ್ಲೂ ಗಣಿತ ಮಾಡಿದರು. ಮೈದಾನದಲ್ಲಿ ಹುಲ್ಲು ಬೆಳೆಯಿತು. ನನ್ನ ಖೋ ಖೋ ಹುಡುಗಿಯರು ಲೈಬ್ರರಿ ಕಿಟಕಿಯ ಹತ್ತಿರ ಬಂದು ಯಾವಾಗ ಬರ್ತೀರಿ ಟೀಚರ್ ಅಂತ ಕೇಳುತ್ತಿದ್ದರು, ನಾನು ಮುಂದಿನ ತಿಂಗಳು ಅನ್ನುತ್ತಿದ್ದೆ. ಆ ಮುಂದಿನ ತಿಂಗಳು ಬರುವುದೇ ಇಲ್ಲವೇನೋ ಎಂಬ ಹೆದರಿಕೆ ನನಗಿತ್ತು. ಮೇ ತಿಂಗಳಲ್ಲಿ ಡಾಕ್ಟರು ಅದನ್ನೇ ಬಾಯಿ ಬಿಟ್ಟು ಹೇಳಿದರು. ಉರಿಯೂತ ಹೀಗೇ ಮರುಕಳಿಸುತ್ತಿದ್ದರೆ ಓಡುವುದು, ಆಡಿಸುವುದು ಎಲ್ಲ ಬಿಡಬೇಕಾಗುತ್ತದೆ. ಇಲಾಖೆಯಲ್ಲಿ ಬೇರೆ ಕೆಲಸ ಕೇಳುವುದನ್ನು ಯೋಚಿಸಿ ಅಂದರು. ಸಾಯುತ್ತೀರಿ ಅಂದಿದ್ದರೆ ವಾದ ಮಾಡುತ್ತಿದ್ದೆನೇನೋ. ಇದಕ್ಕೆ ತಲೆಯಾಡಿಸಿ, ಮದ್ದಿನ ಚೀಟಿ ಮಡಚಿಕೊಂಡು ಎದ್ದು ಬಂದೆ.

ಅಷ್ಟರಲ್ಲಿ ಮಳೆ ಹಿಡಿಯಿತು, ಆಸಾಡಿ ಅಮಾಸೆ ಬಂತು. ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಬೇಡ, ಹೊರಗಿನವರಿಗೆ ಹೇಳುತ್ತೇನೆ. ಆ ಬೆಳಿಗ್ಗೆ ಸೂರ್ಯ ಹುಟ್ಟುವ ಮೊದಲು ಹಾಲೆ ಮರದ ತೊಗಟೆ ತರಬೇಕು, ಕತ್ತಿ ತಾಗಿಸಬಾರದು, ಕಲ್ಲಿನಿಂದ ಜಜ್ಜಿಯೇ ತೆಗೆಯಬೇಕು. ಅರೆದು ಹಿಂಡಿ, ಬೆಳ್ಳುಳ್ಳಿ, ಕಾಳುಮೆಣಸು, ಓಮ ಹಾಕಿ, ಕೆಂಡದಲ್ಲಿ ಕಾಸಿದ ಬಿಳಿ ಕಲ್ಲನ್ನು ಅದರೊಳಗೆ ಚುಂಯ್ ಎನ್ನಿಸಿ ಮನೆಮಂದಿಯೆಲ್ಲ ಬರಿ ಹೊಟ್ಟೆಗೆ ಕುಡಿಯಬೇಕು. ಆಮೇಲೆ ಮೆಂತೆ ಗಂಜಿ. ಕಹಿ ಅಂದರೆ ಕಹಿ, ನಾಲಿಗೆ ಮಧ್ಯಾಹ್ನದವರೆಗೆ ಮಾತು ಕೇಳುವುದಿಲ್ಲ. ಆ ಒಂದು ಬೆಳಿಗ್ಗೆ ಲೋಕದ ಔಷಧಿಯ ಸತ್ವವೆಲ್ಲ ಹಾಲೆ ಮರಕ್ಕೆ ಬಂದು ಸೇರುತ್ತದೆ ಎಂಬುದು ನಂಬಿಕೆ.

ಈ ನಂಬಿಕೆಯಿಂದಲೇ ಅತ್ತೆ ಒಂದು ಲೆಕ್ಕ ಹಾಕಿದರು. ಲೆಕ್ಕದಲ್ಲಿ ತಪ್ಪೇ ಇರಲಿಲ್ಲ, ಬೇಕಾದರೆ ನಮ್ಮ ಗಣಿತದ ಮೇಷ್ಟ್ರು ನೋಡಲಿ. ನಾನು ಕಷಾಯ ಕುಡಿದು, ಗಂಜಿ ಉಂಡು, ಎಂದಿನಂತೆ ಗುಳಿಗೆಯ ಡಬ್ಬಿಗೆ ಕೈ ಹಾಕಿದಾಗ ಅವರು ತಡೆದರು.

"ಲೋಕದ್ ಮದ್ದೆಲ್ಲ ಇವತ್ತ್ ಆ ಮರದಂಗೆ ಇತ್ತ್ ಹೆಣ್ಣೆ. ಅದನ್ನ್ ಕುಡ್ದ್ ಮೇಲೂ ಗುಳಿಗಿ ನುಂಗ್ರೆ ಮರಕ್ಕೆ ಅವಮಾನ ಮಾಡ್ದಂಗೆ. ಸೋಣ ತಿಂಗ್ಳ್ ಹುಟ್ಟುವರಿಗೆ ಬಿಡ್, ಕಾಂಬ."

ಸೋಣ ಅಂದರೆ ಆಸಾಡಿಯ ಮುಂದಿನ ತಿಂಗಳು. ಅತ್ತೆಯೊಬ್ಬರ ತಲೆಗೆ ಇದನ್ನು ಕಟ್ಟಿದರೆ ನ್ಯಾಯವಾಗುವುದಿಲ್ಲ. ಮುಖ ಇಳಿಯಬಹುದು, ಗುಳಿಗೆಯ ಹಂಗು ತಪ್ಪಬಹುದು ಅಂತ ನನಗೂ ಆಸೆ. ಡಬ್ಬಿ ಕಪಾಟಿನ ಮೇಲೆ ಹೋಯಿತು. ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ದಿನವೂ ಆಗದಿದ್ದದ್ದು ನೋಡಿ ಅತ್ತೆಯ ನಡಿಗೆಯೇ ಬದಲಾಯಿತು. ಅಕ್ಕಪಕ್ಕದ ಮನೆಗೆಲ್ಲ ಸುದ್ದಿ ಹೋಯಿತು.

ಆಮೇಲೆ ಮೈಯ ಕಸುವೆಲ್ಲ ಯಾರೋ ಹಿಂಡಿ ತೆಗೆದ ಹಾಗಾಯಿತು. ವಾಂತಿ, ಜ್ವರ, ಎದ್ದು ನಿಂತರೆ ಕಣ್ಣು ಕತ್ತಲೆ. ಅದರ ಹಿಂದೆಯೇ ಎದೆ ನೋವು, ಹಿಂದೆಂದೂ ಬಾರದಷ್ಟು. ಒಂದು ಮಧ್ಯಾಹ್ನ ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದುಕೊಂಡೇ ಕುಸಿದೆ. ಶೇಖರರು ಅಂಗಡಿಯಿಂದ ಗ್ರೀಸಿನ ಕೈಯಲ್ಲೇ ಓಡಿ ಬಂದರು. ಪಕ್ಕದ ಮನೆಯ ಕಾರಿನಲ್ಲಿ ನನ್ನನ್ನು ಹಿಂದಿನ ಸೀಟಿಗೆ ಕೂರಿಸಿ, ಮುಂದಕ್ಕೆ ಬಾಗಲು ಅನುಕೂಲವಾಗಲಿ ಅಂತ ಅತ್ತೆ ತಮ್ಮ ಮಡಿಲನ್ನೇ ಕೊಟ್ಟರು. ದಾರಿಯುದ್ದಕ್ಕೂ ಅವರು ನನ್ನ ಬೆನ್ನು ನೀವುತ್ತಿದ್ದರು.

ಸ್ಟೀರಾಯ್ಡನ್ನು ಹಾಗೆ ತಟಕ್ಕನೆ ನಿಲ್ಲಿಸಬಾರದಂತೆ, ಮೈ ತನ್ನದೇ ರಸ ಮಾಡುವುದನ್ನು ಮರೆತಿರುತ್ತದೆ, ಜೀವಕ್ಕೇ ಅಪಾಯ. ಇದು ನಮಗೆ ಗೊತ್ತಾದದ್ದು ನನ್ನ ಕೈಗೆ ಡ್ರಿಪ್ಪು ಹಾಕಿದ ಮೇಲೆ. ನೀವು ಯಾರಾದರೂ ಆ ಗುಳಿಗೆಯಲ್ಲಿದ್ದರೆ ದಯವಿಟ್ಟು ಇದೊಂದನ್ನು ನನ್ನಿಂದ ಕಲಿತುಕೊಳ್ಳಿ. ಡಾಕ್ಟರು ಬಯ್ಯುತ್ತಾರೆ ಅಂತ ನಾವು ಮೂವರೂ ತಲೆ ತಗ್ಗಿಸಿ ಕಾದೆವು. ಅವರು ಬಯ್ಯಲಿಲ್ಲ. ಕಷಾಯಕ್ಕೆ ಏನೇನು ಹಾಕಿದಿರಿ, ಎಷ್ಟು ಕುಡಿದಿರಿ ಅಂತ ಅತ್ತೆಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತು ಕೇಳಿದರು. ಕಷಾಯದಿಂದ ಆದದ್ದಲ್ಲ, ಗುಳಿಗೆ ಬಿಟ್ಟದ್ದರಿಂದ ಆದದ್ದು ಅಂದರು. ಅತ್ತೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಆ ಡಾಕ್ಟರಿಗೆ ನನ್ನ ಅರ್ಧ ಪುಣ್ಯ ಅವತ್ತೇ ಬರೆದುಕೊಟ್ಟೆ.

ವಾರ್ಡಿಗೆ ಬಂದ ಮೇಲೆ ಒಬ್ಬಳು ಹುಡುಗಿ ರಕ್ತ ಕೇಳಿಕೊಂಡು ಬಂದಳು. ಹೆಸರು ವಿದ್ಯಾ, ಅಲ್ಲಿಯೇ ಸಂಶೋಧನೆ ಮಾಡುವವಳು, ಊರು ಬೈಂದೂರು. ನಮ್ಮೂರಿನ ಗಿಡಮರಗಳ ರಸ ಬಿಳಿ ರಕ್ತಕಣಗಳ ಮೇಲೆ ಏನು ಮಾಡುತ್ತದೆ ಎಂದು ನೋಡುವುದು ಅವಳ ಕೆಲಸ. ಅವಳ ಪಟ್ಟಿಯಲ್ಲಿ ಹಾಲೆ ತೊಗಟೆಯೂ ಇದೆ ಅಂತ ಕೇಳಿದ್ದೇ ತಡ ಅತ್ತೆ ನೆಟ್ಟಗೆ ಕೂತರು. ತೊಗಟೆ ಎಲ್ಲಿಂದ ತರಿಸುತ್ತೀ, ಕತ್ತಿ ತಾಗಿಸುತ್ತೀಯಾ ಅಂತ ವಿಚಾರಣೆಯೇ ನಡೆಯಿತು. ತಾಗಿಸುತ್ತಾರೆ ಅಂದಳು ಪಾಪ. ಅತ್ತೆಗೆ ಸಂಶೋಧನೆಯ ಮೇಲೆ ಇದ್ದ ಗೌರವ ಸ್ವಲ್ಪ ಇಳಿಯಿತು.

ನಾನು ಎದ್ದು ಓಡಾಡುವ ಹಾಗಾದ ಮೇಲೆ ವಿದ್ಯಾ ನಮ್ಮನ್ನು ಅವಳ ಕೋಣೆಗೆ ಕರೆದುಕೊಂಡು ಹೋಗಿ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ನನ್ನದೇ ರಕ್ತದ ಬಿಳಿ ಕಣಗಳು. ಇಷ್ಟು ದಿನ ನನ್ನನ್ನು ಲೈಬ್ರರಿಯಲ್ಲಿ ಕೊಳೆಸಿದ ಖದೀಮರು ಇವರೇ ಅಂತ ಸಿಟ್ಟಿನಿಂದ ಬಗ್ಗಿ ನೋಡಿದೆ. ಸಣ್ಣ ಸಣ್ಣ ಉಂಡೆಗಳು, ಒಳಗೆ ಬಣ್ಣದ ಚುಕ್ಕಿ. ಸಿಟ್ಟು ಬರುವಂಥದ್ದು ಏನೂ ಇರಲಿಲ್ಲ. ಶತ್ರು ಇಲ್ಲದ ಕಡೆ ನುಗ್ಗಿ, ತಮ್ಮವರನ್ನೂ ಕೂಗಿ ಕರೆದು, ಜಾಗವನ್ನೆಲ್ಲ ಉರಿಸುತ್ತವೆ ಅಂತ ವಿದ್ಯಾ ಹೇಳಿದಳು. ನನಗೆ ತಟ್ಟನೆ ಅರ್ಥವಾಯಿತು. ಆಟ ಮುಗಿದರೂ ಮೈದಾನ ಬಿಡದೆ ಜಗಳಕ್ಕೆ ನಿಂತ ತಂಡವನ್ನು ನಾನು ಎಷ್ಟು ಕಂಡಿಲ್ಲ. ಸ್ಟೀರಾಯ್ಡು ಎಂದರೆ ಲಾಠಿ ಹಿಡಿದು ಮೈದಾನದಲ್ಲಿದ್ದ ಎಲ್ಲರಿಗೂ ಬಾರಿಸುವ ಪೊಲೀಸು.

ಹಾಲೆ ತೊಗಟೆಯ ರಸ ಹಾಕಿದ ಗಾಜಿನ ತಟ್ಟೆಯಲ್ಲಿ ಕಣಗಳು ಸ್ವಲ್ಪ ಸುಮ್ಮನಾಗುವುದು ಅವಳಿಗೆ ಕಂಡಿತ್ತಂತೆ. ಹಾಗಾದರೆ ನಾನು ಹೇಳಿದ್ದೇ ಸರಿ ಅಂದರು ಅತ್ತೆ.

"ಇದ್ ತಟ್ಟಿ ಒಳಗಿನ್ ಲೆಕ್ಕ ಅಮ್ಮ, ಹೊಟ್ಟಿ ಒಳಗಿನ್ ಲೆಕ್ಕ ಬ್ಯಾರೆ" ಅಂದಳು ವಿದ್ಯಾ. "ರಸ ಒಂಚೂರ್ ಹೆಚ್ಚ್ ಹಾಕ್ರೆ ಕಣವೇ ಸತ್ ಹೋತ್ತ್. ನಮ್ಮನ್ಯಂಗೂ ಆಸಾಡಿ ಅಮಾಸಿಗೆ ಕುಡಿತ್ರ್, ನಾನೂ ಕುಡಿತೆ. ಆರೆ ಅಕ್ಕಂಗೆ ಇದೇ ಸಾಕ್ ಅಂದ್ ಹೇಳುಕೆ ನಂಗೆ ಧೈರ್ಯ ಇಲ್ಲೆ."

ಓದಿದ ಹುಡುಗಿಯೊಬ್ಬಳು ಧೈರ್ಯ ಇಲ್ಲ ಅಂತ ಒಪ್ಪಿಕೊಂಡದ್ದು ಅತ್ತೆಗೆ ಹಿಡಿಸಿತು. ಅವರು ಮತ್ತೆ ವಾದ ಮಾಡಲಿಲ್ಲ. ಮುಂದಿನ ವಾರ ಕಲ್ಲಿನಿಂದ ಜಜ್ಜಿ ತೆಗೆದ ತೊಗಟೆಯನ್ನು ಬಾಳೆ ಎಲೆಯಲ್ಲಿ ಕಟ್ಟಿ ಬಸ್ಸಿನಲ್ಲಿ ತಂದು ಕೊಟ್ಟರು, ನೋಡುವುದಾದರೆ ಸರಿಯಾದದ್ದನ್ನು ನೋಡು ಅಂತ.

ಡಾಕ್ಟರು ಈ ಸಲ ಇನ್ನೊಂದು ಗುಳಿಗೆ ಸೇರಿಸಿದರು. ಹೆಸರು ಕಾಲ್ಚಿಸಿನ್. ತೀರಾ ಸಣ್ಣದು, ಕೆಳಗೆ ಬಿದ್ದರೆ ಹುಡುಕಲು ಕಷ್ಟ. ಇದನ್ನು ಕೊಡುತ್ತಾ ಸ್ಟೀರಾಯ್ಡನ್ನು ನಿಧಾನವಾಗಿ ಇಳಿಸೋಣ, ಇದು ಕಣಗಳನ್ನು ಕೊಲ್ಲುವುದಿಲ್ಲ, ಅವು ಉರಿಯುವ ಜಾಗಕ್ಕೆ ಓಡಿ ಹೋಗದ ಹಾಗೆ ಕಾಲು ಕಟ್ಟುತ್ತದೆ ಅಂದರು. ಅತ್ತೆಗೆ ಸಮಾಧಾನವಾಗಲಿ ಅಂತಲೇ ಇರಬೇಕು, ಇದೂ ಗಿಡದ ಮದ್ದೇ, ನಿಮ್ಮ ಬೇಲಿಯಲ್ಲಿ ಬೆಳೆಯುವ ಗೌರಿ ಹೂವಿನ ಗಡ್ಡೆಯಲ್ಲೂ ಇದೇ ಸತ್ವ ಇರುವುದು ಅಂತ ಸೇರಿಸಿದರು.

ಸಮಾಧಾನ ಎಲ್ಲಿಂದ ಬರಬೇಕು. ಮಳೆಗಾಲದಲ್ಲಿ ಬೇಲಿಯ ಮೇಲೆ ಕೆಂಪು ಹಳದಿ ಉರಿಯ ಹಾಗೆ ಅರಳುವ ಗೌರಿ ಹೂವನ್ನು ದೇವರಿಗೆ ಇಡುತ್ತೇವೆ, ನಿಜ. ಆದರೆ ಅದರ ಗಡ್ಡೆ ವಿಷ ಅಂತ ನಮ್ಮಲ್ಲಿ ಹಾಲುಗಲ್ಲದ ಮಕ್ಕಳಿಗೂ ಗೊತ್ತು. ಅತ್ತೆ ಎದ್ದೇ ನಿಂತರು.

"ಡಾಕ್ಟ್ರೇ, ದನ ಸೈತ ಬಾಯಿ ಹಾಕದ್ದ್ ಅದ್. ಅದನ್ನ್ ನನ್ ಸೊಸಿಗೆ ಎಂತಕೆ ಕೊಡ್ತ್ರಿ? ಒಂದ್ ಸಲ ನಾನೇ ಕೊಂದಾಂಗ್ ಮಾಡಿದೆ. ಇನ್ನೊಂದ್ ಸಲ ಆಪುಕೆ ಬಿಡ್ತಿಲ್ಲೆ."

ಆ ಮಾತು ಕೇಳುವವರೆಗೆ ಅತ್ತೆ ಅದನ್ನು ಇಷ್ಟು ದಿನ ಒಳಗೇ ಇಟ್ಟುಕೊಂಡು ನವೆದಿದ್ದಾರೆ ಅಂತ ನನಗೆ ಗೊತ್ತಿರಲಿಲ್ಲ. ಮಂಚದಿಂದ ಕೈ ಚಾಚಿ ಅವರ ಸೆರಗು ಹಿಡಿದುಕೊಂಡೆ. ಡಾಕ್ಟರು ತಾಳ್ಮೆಗೆಡಲಿಲ್ಲ.

"ನಿಮ್ಮ ಮಾತು ಸರಿ ಅಮ್ಮ, ವಿಷವೇ. ಅದಕ್ಕೇ ಇದು ಇಷ್ಟು ಸಣ್ಣ ಇರುವುದು. ಈ ಗುಳಿಗೆಯಲ್ಲಿ ಎಷ್ಟಿದೆ ಅಂತ ನನಗೆ ಗೊತ್ತು, ಬೇಲಿಯ ಗಡ್ಡೆಯಲ್ಲಿ ಎಷ್ಟಿದೆ ಅಂತ ಯಾರಿಗೂ ಗೊತ್ತಿಲ್ಲ. ಅದನ್ನು ಯಾರೂ ಮುಟ್ಟಬೇಡಿ, ಒಂದು ಚೂರು ಸಾಕು ಪ್ರಾಣ ಹೋಗಲು. ಇದನ್ನು ಮಾತ್ರ ನೀವೇ ನಿಮ್ಮ ಕೈಯಾರೆ ಕೊಡಿ, ಒಂದು ದಿನವೂ ತಪ್ಪಿಸದೆ."

ನೀವೇ ಕೊಡಿ ಅಂದದ್ದು ಎಂಥ ಬುದ್ಧಿವಂತಿಕೆ ಅಂತ ನನಗೆ ಆಮೇಲೆ ಹೊಳೆಯಿತು. ಮನೆಗೆ ಬಂದ ದಿನದಿಂದ ಗುಳಿಗೆಯ ಯಜಮಾನಿಕೆ ಅತ್ತೆಯದ್ದಾಯಿತು. ಬೆಳಿಗ್ಗೆ ಗಂಜಿಯಾದ ಮೇಲೆ ಡಬ್ಬಿ ತೆರೆದು, ನನ್ನ ಅಂಗೈಗೆ ಹಾಕಿ, ನುಂಗುವವರೆಗೆ ನಿಂತು ನೋಡುತ್ತಿದ್ದರು. ಪಕ್ಕದ ಮನೆಯವಳು ಅದೇ ಗಡ್ಡೆ ಬೇಲಿಯಲ್ಲೇ ಇರುವಾಗ ಅಂಗಡಿಯದ್ದು ಯಾಕೆ ಅಂತ ಕೇಳಿ ಬಾಯಿ ಮುಚ್ಚುವ ಮೊದಲೇ ಅತ್ತೆ ಅವಳನ್ನು ಹಿಡಿದುಕೊಂಡರು. ಅಳತೆ ಎಂಬ ವಿಷಯದ ಮೇಲೆ ಅವರು ಅವತ್ತು ಮಾಡಿದ ಭಾಷಣ ನಮ್ಮ ಶಾಲೆಯಲ್ಲೂ ಯಾರೂ ಮಾಡಿಲ್ಲ. ಮರುದಿನ ಕೈಗೆ ಪ್ಲಾಸ್ಟಿಕ್ಕು ಸುತ್ತಿಕೊಂಡು ನಮ್ಮ ಬೇಲಿಯ ಗಡ್ಡೆಗಳನ್ನೆಲ್ಲ ಅಗೆದು ಆಳದಲ್ಲಿ ಹೂತುಬಿಟ್ಟರು. ಗೌರಿಗೆ ಆ ವರ್ಷ ದಾಸವಾಳ.

ಹೊಸ ಗುಳಿಗೆ ಮೊದಲು ಹೊಟ್ಟೆಯನ್ನು ಹಿಡಿಯಿತು. ಭೇದಿಯಾಗಬಹುದು ಅಂತ ಡಾಕ್ಟರು ಮೊದಲೇ ಹೇಳಿದ್ದರು. ಅಷ್ಟು ತಿಂಗಳ ಮೇಲೆ ನಾನು ಮೊದಲ ಸಲ ಓಡಿದ್ದು ಅಂದರೆ ಪಾಯಿಖಾನೆಗೆ. ಅದೂ ಒಳ್ಳೆಯ ವೇಗವೇ ಇತ್ತು, ನೋಡಿದ ಶೇಖರರು ಫಾರ್ಮು ಹೋಗಿಲ್ಲ ಅಂದರು. ಪ್ರಮಾಣ ಸ್ವಲ್ಪ ಹೊಂದಿಸಿದ ಮೇಲೆ ಹೊಟ್ಟೆ ಸರಿಯಾಯಿತು. ಸ್ಟೀರಾಯ್ಡನ್ನು ಒಂದು ಮೆಟ್ಟಿಲು ಇಳಿಸಿದರು, ನಾನು ಉಸಿರು ಬಿಗಿ ಹಿಡಿದು ಕಾದೆ. ನೋವು ಬರಲಿಲ್ಲ. ಇನ್ನೊಂದು ಮೆಟ್ಟಿಲು. ಬರಲಿಲ್ಲ. ಪ್ರತಿಸಲವೂ ಹಿಂದೆ ಎಡವಿದ ಆ ಮೆಟ್ಟಿಲು ಹತ್ತಿರ ಬಂದಾಗ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಅದನ್ನೂ ದಾಟಿದೆವು. ಅತ್ತೆ ಆನೆಗುಡ್ಡೆ ಗಣಪತಿಯ ದೇವಸ್ಥಾನಕ್ಕೆ ಹೋಗಿ ಪಂಚಕಜ್ಜಾಯ ಮಾಡಿಸಿಕೊಂಡು ಬಂದರು, ಹೇಳಿದ ಹರಕೆ ಏನು ಅಂತ ಇವತ್ತಿಗೂ ಹೇಳಿಲ್ಲ.

ಸಣ್ಣ ಸಣ್ಣ ಉಪಕಾರಗಳೂ ನೆನಪಿವೆ. ನಮ್ಮ ದಾರಿಯ ಬಸ್ಸಿನ ಕಂಡಕ್ಟರು ಆಸ್ಪತ್ರೆಯ ದಿನಗಳಲ್ಲಿ ಮುಂದಿನ ಸೀಟಿನಲ್ಲಿ ತನ್ನ ಟವೆಲು ಹಾಕಿ ನನಗೆ ಜಾಗ ಹಿಡಿದಿಡುತ್ತಿದ್ದ. ಕಾರಣ ಒಮ್ಮೆಯೂ ಕೇಳಲಿಲ್ಲ. ಕೇಳದೆ ಇರುವುದೂ ದೊಡ್ಡ ಉಪಕಾರವೇ.

ಮುಖ ಇಳಿಯಿತು. ಈಗ ದೇವಸ್ಥಾನದಲ್ಲಿ ಸಿಕ್ಕಿದವರು ಯಾಕೆ ಇಷ್ಟು ಬಡಕಲಾದೆ, ಹುಷಾರಿಲ್ಲವಾ ಅಂತ ಮರುಗತೊಡಗಿದರು. ಇಲ್ಲ, ಈಗಲೇ ಹುಷಾರಾಗಿದ್ದೇನೆ ಅಂತ ಹೇಳಿ ಮುಂದೆ ನಡೆದೆ. ಸ್ಟೀರಾಯ್ಡಿನ ಕೊನೆಯ ಗುಳಿಗೆ ನುಂಗಿದ ಮೇಲೂ ಕಾಲ್ಚಿಸಿನ್ ಮುಂದುವರಿಯಿತು, ಮೈದಾನಕ್ಕೆ ಮಾತ್ರ ಒಪ್ಪಿಗೆ ಇರಲಿಲ್ಲ. ರಕ್ತ ಶುದ್ಧ ಬರಬೇಕು, ಎಕೋ ಶುದ್ಧ ಬರಬೇಕು, ಹಾಗೆಯೇ ಕೆಲವು ತಿಂಗಳು ನಿಲ್ಲಬೇಕು. ನಿಂತಿತು. ಒಂದು ದಿನ ಡಾಕ್ಟರು ಎಕೋ ವರದಿ ಮಡಚಿ ನನ್ನ ಕೈಗೆ ಕೊಟ್ಟು, ಹೋಗಿ ಟೀಚರ್, ಮಕ್ಕಳು ಕಾಯುತ್ತಿದ್ದಾರೆ ಅಂದರು. ಮೆಟ್ಟಿಲಿಳಿದು ಹೊರಗೆ ಬಂದು, ಆಸ್ಪತ್ರೆಯ ಕಾಂಪೌಂಡಿನಲ್ಲಿ ಶೇಖರರ ಭುಜಕ್ಕೆ ಹಣೆ ಇಟ್ಟು ಮನಸಾರೆ ಅತ್ತುಬಿಟ್ಟೆ. ಅವರು ಬೇರಿಂಗು ಸರಿಯಾಯಿತು ಅಂತ ಬೆನ್ನು ತಟ್ಟಿದರು.

ಮೊದಲ ವಾರ ಮಕ್ಕಳ ಜೊತೆ ಬರೀ ನಡೆದೆ. ಆಮೇಲೆ ನಿಧಾನ ಓಟ. ಗಣಿತದ ಮೇಷ್ಟ್ರು ಪೀರಿಯಡು ವಾಪಸು ಕೊಡುವಾಗ ಸಿಲಬಸ್ ಮುಗಿಯಲಿಲ್ಲ ಅಂತ ಗೊಣಗಿದರು. ಖೋ ಖೋ ಹುಡುಗಿಯರು ಹುಲ್ಲು ಕಿತ್ತು ಮೈದಾನ ಬಿಡಿಸಿದರು. ಗುಳಿಗೆಯೂ ಒಂದು ದಿನ ನಿಂತಿತು. ಖಾಲಿ ಡಬ್ಬಿಯನ್ನು ಅತ್ತೆ ಸಾಸಿವೆ ಹಾಕಲು ಇಟ್ಟುಕೊಂಡರು.

ಮರುವರ್ಷ ಶಿಕ್ಷಕರ ಕ್ರೀಡಾಕೂಟದಲ್ಲಿ ಶಿಕ್ಷಕಿಯರ ನೂರು ಮೀಟರು ಓಟಕ್ಕೆ ಹೆಸರು ಕೊಟ್ಟೆ. ಮನೆಯಲ್ಲಿ ಹೇಳಿರಲಿಲ್ಲ, ಆದರೂ ಗೊತ್ತಾಗಿ ಶೇಖರರೂ ಅತ್ತೆಯೂ ಬಂದು ಸುಣ್ಣದ ಗೆರೆಯ ತುದಿಯಲ್ಲಿ ಕೊಡೆ ಹಿಡಿದು ನಿಂತಿದ್ದರು. ಪಕ್ಕದ ಲೇನಿನಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ ಬೇರೆ ಶಾಲೆಯ ಹುಡುಗಿ, ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು. ಓಡಿದೆ. ಅರ್ಧ ದಾರಿಗೆ ಅವಳ ಭುಜ ಕಾಣುತ್ತಿತ್ತು, ಆಮೇಲೆ ಕಾಣಲಿಲ್ಲ, ಕೊನೆಯಲ್ಲಿ ಇಬ್ಬರೂ ಒಟ್ಟಿಗೇ ಗೆರೆಗೆ ಬಿದ್ದೆವು. ತೀರ್ಪುಗಾರರು ಅವಳ ಕೈ ಎತ್ತಿದರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನೆಟ್ಟಗೆ ತೀರ್ಪುಗಾರರ ಮೇಜಿನ ಹತ್ತಿರ ಹೋದೆ. ಓಟದಲ್ಲಿ ಮೊದಲು ದಾಟಬೇಕಾದದ್ದು ಕೈ ಅಲ್ಲ, ತಲೆ ಅಲ್ಲ, ಎದೆ. ಅವಳ ಕೈ ಮುಂದೆ ಇದ್ದಿರಬಹುದು, ಗೆರೆ ದಾಟಿದ್ದು ನನ್ನ ಎದೆ ಮೊದಲು, ನಿಯಮದ ಪುಸ್ತಕ ತೆಗೆಯಿರಿ ಅಂತ ಇಡೀ ಮೈದಾನಕ್ಕೆ ಕೇಳುವ ಹಾಗೆ ಕೂಗಿದೆ. ತೀರ್ಪುಗಾರರು ಮುಖ ಮುಖ ನೋಡಿಕೊಂಡರು. ಒಬ್ಬರು ನಿಜ ಅಂದರು, ಇನ್ನೊಬ್ಬರು ಕಾಣಲಿಲ್ಲ ಅಂದರು. ನಾನು ಬಿಡಲಿಲ್ಲ. ಆ ಹುಡುಗಿಯೇ ಬಂದು ಹೌದು ಅಕ್ಕ, ನೀವೇ ಮುಂದೆ ಇದ್ದಿರಿ ಅಂತ ನಗುತ್ತಾ ಒಪ್ಪಿಕೊಂಡಳು. ಅಷ್ಟಾದರೂ ತೀರ್ಪುಗಾರರದ್ದು ಅನುಮಾನ, ನನ್ನದು ಕೂಗು.

ಹಿಂದಿನಿಂದ ಶೇಖರರು ನನ್ನನ್ನು ಸುಮ್ಮನಾಗಿಸಲು ಓಡಿ ಬರುತ್ತಿದ್ದರು. ಅತ್ತೆ ಅವರ ಅಂಗಿ ಹಿಡಿದು ನಿಲ್ಲಿಸಿದ್ದು ಕಂಡಿತು, ಹೇಳಿದ್ದೂ ಕೇಳಿಸಿತು.

"ಕೂಗ್ಲಿ ಬಿಡ್ ಮಗಾ. ಅವ್ಳ್ ಉಸ್ರ್ ಕಾಣ್. ನಂಗೆ ಅಷ್ಟೇ ಸಾಕ್."

ನಾನು ಇನ್ನೂ ಸ್ವಲ್ಪ ಜೋರಾಗಿ ಕೂಗಿದೆ.